ಎಳೆಗೂಸಿಗೆ ಥಂಡಿಯೊಳಗ ಎಷ್ಟು ಅರಿವಿ? ನಸುಕಿಗೊಂದು ಲೆಕ್ಕ, ಮಧ್ಯಾಹ್ನಕ್ಕೊಂದು ಲೆಕ್ಕ

ಕೃಷ್ಣಾದಂಡಿ (ಬಾಗಲಕೋಟೆ)

ಕೂಸಿಗೆ ಆರು ವಾರ, ತೂಕ 4 ಕೆಜಿ ಹತ್ರ, ದಿನ ತುಂಬಿ ಹುಟ್ಟಿದ್ದು. ಮನಿ ಕಲ್ಲಿನ ಗ್ವಾಡಿ, ಮ್ಯಾಲ ಪತ್ರಾಸ, ಕೆಳಗ ಪರಸಿ. ನಸುಕಿನ್ಯಾಗ ಖೋಲಿಯೊಳಗ 16 ಡಿಗ್ರಿ, ಮಧ್ಯಾಹ್ನ 29. ಮನ್ಯಾಗ ಹಿರ್ಯಾರು ಎರಡು ಸ್ವೆಟರ್, ಟೊಪಗಿ, ಕಾಲಚೀಲ, ಮ್ಯಾಲ ಕೌದಿ ಅಂತಾರ. ಕೂಸಿನ ಕೈ ಮುಟ್ಟಿದ್ರ ಅಷ್ಟು ಹಾಕಿದ್ರೂ ಥಣ್ಣಗ ಇರತಾವು. ಎಷ್ಟು ಪದರು, ಯಾವ ಅರಿವಿ, ರಾತ್ರಿ ಏನು, ಹೊರಗ ಏನು ಅಂತ ತಿಳಿದವರು ಬಿಡಿಸಿ ಹೇಳ್ರಿ. "ಬೆಚ್ಚಗ ಇಡ್ರಿ" ಅನ್ನೋ ಮಾತು ಸಾಕಷ್ಟು ಕೇಳೇವಿ, ಲೆಕ್ಕ ಬೇಕು.

ವಾರ್ಡಿನ_ದೀಪ (ಬೆಳಗಾವಿ, ನವಜಾತ ಶಿಶು ವಿಭಾಗದ ನರ್ಸ್)

ಮೊದಲು ಕೈ ಮುಟ್ಟಿ ತೀರ್ಮಾನ ಮಾಡುವುದನ್ನು ಬಿಡಿ. ಎಳೆಗೂಸಿನ ದೇಹ ರಕ್ತವನ್ನು ಎದೆ, ಹೊಟ್ಟೆ, ತಲೆಗೆ ಮೊದಲು ಕಳಿಸುತ್ತದೆ, ಬೆರಳ ತುದಿಗೆ ಕೊನೆಗೆ. ಚೆನ್ನಾಗಿರುವ ಕೂಸಿನ ಕೈಬೆರಳೂ ತಣ್ಣಗಿರುತ್ತವೆ, ತುಸು ನೀಲಿಯಾಗಿಯೂ ಕಾಣಬಹುದು. ಅದಕ್ಕೆ ಹೆದರಿ ಇನ್ನೊಂದು ಸ್ವೆಟರ್ ಏರಿಸಿದರೆ ಬೆನ್ನು ಬೆವರುತ್ತದೆ, ಕೈ ಮಾತ್ರ ಹಾಗೇ ತಣ್ಣಗಿರುತ್ತದೆ.

ನೋಡಬೇಕಾದ ಜಾಗ ಎರಡು: ಹೊಟ್ಟೆ (ಅಥವಾ ಕತ್ತಿನ ಹಿಂದೆ, ಎರಡು ಹೆಗಲ ನಡುವೆ) ಮತ್ತು ಕಾಲಚೀಲದೊಳಗಿನ ಅಂಗಾಲು. ನಿಮ್ಮ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಅಂಗೈ ಹಿಂಭಾಗದಿಂದ ಮುಟ್ಟಿ. ಹೊಟ್ಟೆ, ಅಂಗಾಲು ಎರಡೂ ಬೆಚ್ಚಗಿದ್ದರೆ ಏನೂ ಬದಲಿಸಬೇಡಿ. ಹೊಟ್ಟೆ ಬೆಚ್ಚಗಿದ್ದು, ಮುಚ್ಚಿದ್ದ ಅಂಗಾಲು ತಣ್ಣಗಿದ್ದರೆ ಕೂಸು ಶಾಖ ಉಳಿಸಿಕೊಳ್ಳಲು ಒದ್ದಾಡುತ್ತಿದೆ ಎಂದರ್ಥ: ಒಂದು ಪದರ ಹೆಚ್ಚಿಸಿ, ಎದೆಗೆ ಅಪ್ಪಿಕೊಳ್ಳಿ, ಹಾಲು ಕೊಡಿ. ಎರಡೂ ತಣ್ಣಗಿದ್ದರೆ ಅದು ಅಪಾಯ. ಆಗ ಬಟ್ಟೆ ಆರಿಸುತ್ತ ಕೂರಬೇಡಿ. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು ಮೇಲೆ ಹೊದಿಸಿ, ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಲಿ. ಕಂಕುಳಲ್ಲಿ, ಬೆವರು ಒರೆಸಿ, ಬೀಪ್ ಬರುವವರೆಗೆ ತೋಳು ಒತ್ತಿ ಹಿಡಿಯಿರಿ. 36.5ರಿಂದ 37.5 ಡಿಗ್ರಿ ಸರಿಯಾದದ್ದು. 36ರಿಂದ 36.4 ಇದ್ದರೆ ಥಂಡಿ ತಾಗಿದೆ. ಎದೆಗಪ್ಪಿ ಒಂದು ತಾಸಿನೊಳಗೆ ಏರದಿದ್ದರೆ ವೈದ್ಯರ ಬಳಿ ಹೋಗಿ. 36ಕ್ಕಿಂತ ಕೆಳಗಿದ್ದರೆ ಆ ತಾಸನ್ನೂ ಕಾಯಬೇಡಿ. ಎರಡು ತಿಂಗಳೊಳಗಿನ ಕೂಸಿಗೆ 37.5 ದಾಟಿದರೂ ತೋರಿಸಲೇಬೇಕು, ಆದರೆ ಮೊದಲು ಹೆಚ್ಚಿನ ಬಟ್ಟೆ ತೆಗೆದು ಅರ್ಧ ತಾಸು ಬಿಟ್ಟು ಮತ್ತೊಮ್ಮೆ ಅಳೆಯಿರಿ. ಎಷ್ಟೋ ಸಲ ಅದು ಸ್ವೆಟರಿನ "ಜ್ವರ".

ಇಷ್ಟೆಲ್ಲ ಏಕೆಂದರೆ ಎಳೆಗೂಸು ನಮ್ಮಂತೆ ನಡುಗಿ ಶಾಖ ಹುಟ್ಟಿಸಲಾರದು. ಕತ್ತು, ಹೆಗಲ ಮೂಳೆಗಳ ನಡುವೆ, ಮೂತ್ರಪಿಂಡದ ಸುತ್ತ ಇರುವ ಕಂದು ಕೊಬ್ಬನ್ನು ಸುಟ್ಟು ಬೆಚ್ಚಗಾಗುತ್ತದೆ. ಆ ಕೆಲಸಕ್ಕೆ ಆಮ್ಲಜನಕವೂ ಸಕ್ಕರೆಯೂ ಬೇಕು. ಬಹಳ ಹೊತ್ತು ಥಂಡಿಯಲ್ಲಿದ್ದರೆ ರಕ್ತದ ಸಕ್ಕರೆ ಇಳಿದು ಕೂಸು ಮಂಕಾಗುತ್ತದೆ, ಮಂಕಾದದ್ದು ಹಾಲು ಎಳೆಯುವುದಿಲ್ಲ, ಹಾಲಿಲ್ಲದೆ ಇನ್ನಷ್ಟು ತಣ್ಣಗಾಗುತ್ತದೆ.

ಜೋಳದ_ಹೊಲ (ವಿಜಯಪುರ)

ನಮ್ಮ ಕಡೆ ಥಂಡಿಯ ಗುಣಾನೇ ಬ್ಯಾರೆ ಅದ, ಅದನ್ನ ತಿಳಕೊಂಡ್ರ ಅರ್ಧ ಉತ್ತರ ಸಿಕ್ಕಂಗ. ಥಂಡಿ ಜೋರಿರೋ ದಿನ ನಸುಕಿನ್ಯಾಗ ಹೊರಗ 10-12 ಡಿಗ್ರಿಗೆ ಇಳೀತದ, ಅದೇ ದಿನ ಮಧ್ಯಾಹ್ನ 28-30. ಗಾಳಿ ಒಣ, ಆಕಾಶ ತಿಳಿ. ದಿನದ ಕಾವೆಲ್ಲಾ ರಾತ್ರಿ ಆಕಾಶಕ್ಕ ಹೋಗಿಬಿಡ್ತದ. ಪತ್ರಾಸಿನ ಮನಿಗಂತೂ ಇದು ದುಪ್ಪಟ್ಟು: ಹಗಲು ಕಾಯ್ತದ, ಮೂರು ಗಂಟೆ ರಾತ್ರಿಗೆ ಥಣ್ಣಗಾಗ್ತದ. ಹಿಂಗಾಗಿ "ಚಳಿಗಾಲದ ಅರಿವಿ" ಅಂತ ಒಂದೇ ಜೋಡಿ ಹಾಕಿ ಇಡೀ ದಿನ ಬಿಡೂದು ಇಲ್ಲಿ ನಡಿಯೂದಿಲ್ಲ. ಏಳು ಗಂಟೆಗೆ ಹಾಕಿದ್ದು ಹನ್ನೆರಡಕ್ಕ ಮೈಮ್ಯಾಲ ಹಂಗೇ ಇರೂದು, ನಮ್ಮ ಕಡೆ ಆಗೂ ದೊಡ್ಡ ತಪ್ಪು ಇದು. ಥಂಡಿಗೆ ಎಲ್ಲಾರೂ ಅಂಜತಾರ, ಹೊತ್ತೇರಿದ ಮ್ಯಾಲ ಬಿಚ್ಚೂದು ಯಾರಿಗೂ ನೆನಪಾಗೂದಿಲ್ಲ.

ಲೆಕ್ಕ ಹಿಂಗದ: ಆ ಹೊತ್ತಿಗೆ, ಆ ಜಾಗಾದಾಗ, ಸುಮ್ನ ಕೂತ ದೊಡ್ಡವರಿಗೆ ಎಷ್ಟು ಪದರು ಬೇಕೋ ಅದಕ್ಕಿಂತ ಒಂದು ಹೆಚ್ಚು. ಕೆಲಸ ಮಾಡ್ಕೋತ ಓಡಾಡೋರ ಲೆಕ್ಕ ಹಿಡೀಬ್ಯಾಡ್ರಿ, ಅವರಿಗೆ ಥಂಡಿ ಗೊತ್ತಾಗೂದಿಲ್ಲ.

ನಿಮ್ಮ ಖೋಲಿಗೆ ಇಟ್ಟು ನೋಡ್ರಿ. ನಸುಕಿನ್ಯಾಗ 16 ಡಿಗ್ರಿ ಇದ್ದಾಗ ಒಳಗ ತೋಳಿಲ್ಲದ ಹತ್ತಿ ಬನಿಯನ್, ಅದರ ಮ್ಯಾಲ ತುಂಬು ತೋಳಿನ ಹತ್ತಿ ಅಂಗಿ, ಹತ್ತಿ ಪಾಯಿಜಾಮ, ಅದರ ಮ್ಯಾಲ ಒಂದೇ ಸ್ವೆಟರ್, ಕಾಲಚೀಲ. ಎತ್ತಿಕೊಂಡಾಗ ಮ್ಯಾಲೊಂದು ಮೆತ್ತನ ದುಪ್ಪಟಿ. ಒಂಬತ್ತೂವರಿ-ಹತ್ತಕ್ಕ ಬಿಸಲು ಏರಿದ ಕೂಡ್ಲೆ ಸ್ವೆಟರ್ ತಗೀರಿ. ಹನ್ನೆರಡರಿಂದ ನಾಲ್ಕರ ತನಕ ತೆಳ್ಳನ ಜುಬಲಾ ಮತ್ತ ಲಂಗೋಟಿ ಸಾಕು. 29 ಡಿಗ್ರಿಯೊಳಗ ದೊಡ್ಡವರು ಫ್ಯಾನ್ ಹಾಕ್ಕೊಂಡು ಕೂಡ್ತಾರ, ಕೂಸಿಗೆ ಯಾಕ ಉಣ್ಣಿ? ಐದಕ್ಕ ಪಾಯಿಜಾಮ, ಹೊತ್ತು ಮುಳುಗಿದ ಮ್ಯಾಲ ಸ್ವೆಟರ್.

ರಾತ್ರಿಗೆ ಒಂದು ಉಪಾಯ. ಹತ್ತು ಗಂಟೆಗೆ ಮಲಗಿಸುವಾಗ ಖೋಲಿ ಇನ್ನೂ 21-22 ಇರ್ತದ. ಆಗಲೇ ನಸುಕಿನ ಥಂಡಿಗೆ ಅಂತ ಎಲ್ಲಾ ಹೊರಿಸಿದ್ರ ಕೂಸು ಬೆವರಿ, ಅರಿವಿ ಹಸಿಯಾಗಿ, ಮೂರಕ್ಕ ಥಂಡಿ ಬಂದಾಗ ಆ ಹಸಿ ಅರಿವಿಯೊಳಗ ಥಣ್ಣಗಾಗ್ತದ. ಹತ್ತಕ್ಕ ಬನಿಯನ್, ಅಂಗಿ, ಪಾಯಿಜಾಮ ಅಷ್ಟೇ ಹಾಕ್ರಿ. ಎರಡು-ಮೂರು ಗಂಟೆಗೆ ಹಾಲಿಗೆ ಎದ್ದೇ ಏಳ್ತದಲ್ಲ, ಆಗ ಹೊಟ್ಟಿ ಮುಟ್ಟಿ ನೋಡಿ, ಲಂಗೋಟಿ ಬದಲಿಸಿ, ಮ್ಯಾಲಿನ ಪದರು ಹಾಕ್ರಿ. ಆ ಪದರು ಹಾಸಿಗಿ ಹಂತ್ಯಾಕ ಮಡಿಚಿ ಇಟ್ಟಿರ್ರಿ, ಕತ್ತಲದಾಗ ಹುಡುಕೂ ಹೊತ್ತಿನ್ಯಾಗ ಕೂಸು ಬತ್ತಲೆ ಇರಬಾರದು.

ಕೃಷ್ಣಾದಂಡಿ

ಇದು ಬೇಕಾಗಿತ್ತು ನೋಡ್ರಿ. ಟೊಪಗಿ ಮಲಗಿದಾಗೂ ಇರಬೇಕೇನು? ಕೌದಿ ಹೊದಿಸಬಹುದಾ?

ವಾರ್ಡಿನ_ದೀಪ

ಟೊಪಗಿ ವಿಷಯದಲ್ಲಿ ಆಸ್ಪತ್ರೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಹೇಳುತ್ತಾರೆ ಎಂಬ ಗೊಂದಲ ಬಹಳ ಜನರಿಗಿದೆ. ಎರಡೂ ಸರಿ, ಕೂಸು ಬೇರೆ ಬೇರೆ. ಹುಟ್ಟಿದ ಮೊದಲ ದಿನಗಳಲ್ಲಿ, ಮತ್ತು 2.5 ಕೆಜಿಗಿಂತ ಕಡಿಮೆ ತೂಕದ ಅಥವಾ ದಿನ ತುಂಬದೆ ಹುಟ್ಟಿದ ಕೂಸಿಗೆ ಟೊಪಗಿ ಬೇಕೇ ಬೇಕು. ಮೈಯ ಅಳತೆಗೆ ಹೋಲಿಸಿದರೆ ತಲೆ ದೊಡ್ಡದು, ಶಾಖ ಹೋಗುವ ಜಾಗವೂ ದೊಡ್ಡದು. ಆದರೆ ಆರು ವಾರದ 4 ಕೆಜಿ ಕೂಸು ಬೆಚ್ಚನೆ ಖೋಲಿಯಲ್ಲಿ ಮಲಗಿದಾಗ ತಲೆ ತೆರೆದಿರಲಿ. ಹೆಚ್ಚಾದ ಶಾಖ ಹೊರಹಾಕಲು ಅದಕ್ಕಿರುವ ಮುಖ್ಯ ದಾರಿ ಅದೇ. ಮೇಲಾಗಿ ಮಲಗಿದಾಗ ಟೊಪಗಿ ಜಾರಿ ಮೂಗಿಗೆ ಬರುತ್ತದೆ. ಖೋಲಿ ನಿಜವಾಗಿ ಕೊರೆಯುವಂತಿದ್ದರೆ, ಎಚ್ಚರ ಇರುವ ದೊಡ್ಡವರು ಪಕ್ಕದಲ್ಲಿರುವಾಗ, ಕಟ್ಟುದಾರ ಇಲ್ಲದ ತೆಳು ಹತ್ತಿ ಕುಲಾಯಿ ಹಾಕಬಹುದು. ಹೊರಗೆ ಹೋಗುವಾಗ ಕಿವಿ ಮುಚ್ಚುವ ಟೊಪಗಿ ಎಲ್ಲ ಕೂಸಿಗೂ ಬೇಕು.

ಕೌದಿ ಹೊದಿಸಬೇಡಿ. ಹಳೆ ಸೀರೆಗಳನ್ನು ಐದಾರು ಪದರ ಜೋಡಿಸಿ ಹೊಲಿದದ್ದು ಅದು. ಆ ಭಾರ ಮುಖದ ಮೇಲೆ ಬಂದರೆ ಎಳೆಗೂಸಿಗೆ ತಳ್ಳಲು ಬಲವಿಲ್ಲ. ಒಂದು ವರ್ಷದವರೆಗೆ ಸಡಿಲ ಹೊದಿಕೆ, ದಿಂಬು, ಗೊಂಬೆ ಯಾವುದೂ ಮಲಗುವ ಜಾಗದಲ್ಲಿ ಬೇಡ. ಬೆಚ್ಚಗಿಡುವುದು ಮೈಮೇಲಿನ ಬಟ್ಟೆ, ಮೇಲಿನ ಹೊದಿಕೆ ಅಲ್ಲ. ಅಂಗಾತ ಮಲಗಿಸಿ, ಮುಖ ತೆರೆದಿರಲಿ. ಅಮ್ಮನ ಹೊದಿಕೆಯೊಳಗೆ ಕೂಸನ್ನು ಸೇರಿಸಿಕೊಳ್ಳುವುದೂ ಬೇಡ, ಆ ಹೊದಿಕೆ ರಾತ್ರಿ ಮೇಲೇರುತ್ತದೆ. ಅತಿ ಬಿಸಿ ಮತ್ತು ಮುಖ ಮುಚ್ಚುವುದು, ಇವೆರಡೂ ಶಿಶುಗಳ ಹಠಾತ್ ಸಾವಿನ ಅಪಾಯ ಹೆಚ್ಚಿಸುತ್ತವೆ. ಹಾಗಾಗಿ ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಮಾಳಿಗಿಮನಿ (ಬಾಗಲಕೋಟೆ ಜಿಲ್ಲೆ)

ಕೌದಿ ಕೂಸಿನ ಮ್ಯಾಲ ಬ್ಯಾಡ, ಕೆಳಗ ಬೇಕು. ಥಂಡಿ ಮ್ಯಾಲಿಂದಷ್ಟ ಬರತೈತಿ ಅಂತ ತಿಳೀತಾರ. ಪರಸಿ ಮ್ಯಾಲ ಒಂದು ಚಾಪಿ, ಒಂದು ತೆಳ್ಳನ ಚಾದರ ಹಾಸಿ ಮಲಗಿಸಿದ್ರ ಕೂಸಿನ ಬೆನ್ನಿನ ಕಾವೆಲ್ಲಾ ಕಲ್ಲಿಗೆ ಹೋಗತೈತಿ. ಚಾಪಿ ಮ್ಯಾಲ ನಾಕು ಮಡಿಕಿ ಕೌದಿ, ಅದರ ಮ್ಯಾಲ ಬಿಗಿಯಾಗಿ ಎಳದು ಸಿಗಿಸಿದ ಹತ್ತಿ ಚಾದರ. ಹಾಸಿಗಿ ಗಟ್ಟಿಯಾಗಿ, ಸಮ ಇರಬೇಕು, ಮುಖ ಹುದುಗೂವಂಥಾ ಮೆತ್ತನ ಗಾದಿ ಬ್ಯಾಡ.

ತೊಟ್ಟಿಲಕ್ಕೂ ಇದ ಮಾತು. ಹಲಗಿ ಸಂದಿಯೊಳಗಿಂದ, ಹಗ್ಗದ ತೊಟ್ಟಿಲಾದ್ರ ಕೆಳಗಿಂದ ಗಾಳಿ ಆಡತಿರತೈತಿ. ಮೈಮ್ಯಾಲ ಮೂರು ಪದರು ಹಾಕಿ ಬೆನ್ನ ಕೆಳಗ ಒಂದ ಅರಿವಿ ಇದ್ರ ಉಪಯೋಗಿಲ್ಲ. ಸೀರಿ ಕಟ್ಟಿದ ಜೋಳಿಗ್ಯಾಗ ಇನ್ನೊಂದು ತೊಂದ್ರಿ: ಗದ್ದ ಎದಿಗೆ ಒತ್ತಿ ಕುತಗಿ ಮಡಚತೈತಿ, ಸಣ್ಣ ಕೂಸಿಗೆ ಉಸರು ಕಟ್ಟಬಹುದು. ರಾತ್ರಿ ನಿದ್ದಿಗೆ ಜೋಳಿಗಿ ಬ್ಯಾಡ. ಹಾಸಿಗೀನ ಕಿಡಕಿ, ಹೊರಗಿನ ಗ್ವಾಡಿಯಿಂದ ಎರಡು ಫೂಟು ಒಳಗ ಎಳೀರಿ, ಕಲ್ಲಿನ ಗ್ವಾಡಿ ನಸುಕಿನ್ಯಾಗ ಥಂಡಿ ಸೂಸತೈತಿ.

ಕುಂದಾನಗರಿ (ಬೆಳಗಾವಿ)

ಅರಿವಿ ವಿಚಾರ. ಮೈಗೆ ತಾಗೂದು ಯಾವಾಗ್ಲೂ ಹತ್ತಿ, ಅದೂ ಹಳೇದಾದಷ್ಟು ಚಲೋ. ಹೊಸಾದಿದ್ರ ಒಮ್ಮೆ ಒಗದು ಗಂಜಿ ಬಿಡಿಸಿ ಹಾಕ್ರಿ. ಎರಡು ತೆಳ್ಳನ ಪದರು ಒಂದು ದಪ್ಪ ಪದರಿಗಿಂತ ಬೆಚ್ಚಗ. ನಡುವ ನಿಂತ ಗಾಳೀನ ಶಾಖ ಹಿಡೀತೈತಿ. ಅದಕ್ಕ ಬಿಗಿ ಅರಿವಿ ಮ್ಯಾಲ ಬಿಗಿ ಅರಿವಿ ಹಾಕಬ್ಯಾಡ್ರಿ, ಗಾಳಿಗೆ ಜಾಗಾನೇ ಉಳಿಯೂದಿಲ್ಲ. ಕಾಲಚೀಲದ ರಬ್ಬರು ಪಿಂಡರಿ ಮ್ಯಾಲ ಗುರುತು ಮೂಡಿಸಿದ್ರ ಅದು ಬಿಗಿ, ರಕ್ತ ಹರಿಯೂದು ಕಡಿಮಿ ಆಗಿ ಕಾಲು ಇನ್ನೂ ಥಣ್ಣಗಾಗತಾವು.

ಪ್ಯಾಟ್ಯಾಗ "ಉಲ್ಲನ್" ಅಂತ ಮಾರೂ ಸ್ವೆಟರ್ ಬಹಳಷ್ಟು ಅಕ್ರಿಲಿಕ್. ಒಳಗಿನ ಚೀಟಿ ಓದ್ರಿ. ಅಕ್ರಿಲಿಕ್ ಬೆವರು ಹೀರೂದಿಲ್ಲ, ಒಣ ಥಂಡ್ಯಾಗ ಚಟಪಟ ಅಂತ ಕೂದಲು ಎಳೀತೈತಿ, ಬೆಂಕಿ ಕಿಡಿ ಬಿದ್ರ ಕರಗಿ ಚರ್ಮಕ್ಕ ಅಂಟತೈತಿ. ಬ್ಯಾಡೇ ಬ್ಯಾಡ ಅಂತಲ್ಲ, ಆದ್ರ ಎರಡು ಹತ್ತಿ ಪದರಿನ ಮ್ಯಾಲ, ಒಲಿಯಿಂದ ದೂರ. ಮುಂದ ಬಿಚ್ಚೂ ಸ್ವೆಟರ್ ತಗೋರಿ. ತಲಿ ಮ್ಯಾಲಿಂದ ಎಳಿಯೂ ಸ್ವೆಟರ್ ಮಧ್ಯಾಹ್ನ ಬಿಚ್ಚಾಕ ಬ್ಯಾಸರ ಆಗತೈತಿ, ಬಿಚ್ಚದ ಬಿಡತಾರ. ಕೈಲೆ ಹೆಣೆದ ಜಾಳಿಗಿ ನಮೂನಿ ಸ್ವೆಟರಿನ ತೂತಿನ್ಯಾಗ ಸಣ್ಣ ಬೆರಳು ಸಿಗತಾವು, ಒತ್ತಾಗಿ ಹೆಣಿಸ್ರಿ.

ನಮ್ಮ ಕುರಿ ಉಣ್ಣಿ ಕಂಬಳಿ ಬಗ್ಗೆ: ದಖನಿ ಕುರಿಯ ಉಣ್ಣಿ ದಪ್ಪ, ಒರಟು. ದೊಡ್ಡವರಿಗೆ ಅದರಂಥಾದ್ದಿಲ್ಲ. ಕೂಸಿನ ಚರ್ಮಕ್ಕ ತಾಗಿದ್ರ ಕೆಂಪ ದದ್ದು, ಉದುರಿದ ಎಳಿ ಮೂಗಿಗೆ. ಚಾಪಿ ಬದಲು ನೆಲಕ್ಕ ಹಾಸ್ರಿ, ಅಲ್ಲಿ ಅದು ಬಂಗಾರ.

ಕೈಗವಸು, ಕಾಲಚೀಲ ಹಾಕೂ ಮುಂದ ಪ್ರತೀ ಸಲ ಒಳಮೈ ಹೊರಗ ಮಾಡಿ ನೋಡ್ರಿ. ಒಳಗಿನ ಸಡಿಲ ದಾರ ಇಲ್ಲಾ ಅಮ್ಮನ ಉದುರಿದ ಕೂದಲು ಬೆರಳಿಗೆ ಸುತ್ತಿಕೊಂಡು ಬಿಗೀತಾವು. ಬೆರಳು ಬಾತು ಕೆಂಪಾಗಿ, ತಡ ಆದ್ರ ಬೆರಳಿಗೇ ಕುತ್ತು. ಬಾಣಂತಿ ಕೂದಲು ಉದುರೂ ಕಾಲ ಇದು. ಕಾರಣ ಇಲ್ಲದ ಅಳೂ ಕೂಸಿನ ಬೆರಳು ಮೊದಲು ಬಿಚ್ಚಿ ನೋಡೂದು ರೂಢಿ ಆಗಲಿ. ಮನ್ಯಾಗ ಇದ್ದಾಗ ಕೈಗವಸೇ ಬ್ಯಾಡ, ಉದ್ದ ತೋಳು ಸಾಕು.

ಖಣದ_ಅಂಚು (ಗುಳೇದಗುಡ್ಡ, ಹೊಲಿಗೆ)

ಕುಂಚಿಗಿ ಮಾತು ಯಾರೂ ತಗದಿಲ್ಲ. ಹೊರಗ ಹೋಗೂವಾಗ ಟೊಪಗಿ, ಶಾಲು ಎರಡರ ಕೆಲಸ ಒಂದ್ರಾಗ ಮಾಡತೈತಿ: ನೆತ್ತಿ, ಕಿವಿ, ಕುತಗಿ, ಬೆನ್ನು ಮುಚ್ಚತೈತಿ, ಮುಂದ ತೆರದಿರತೈತಿ. ಖೋಲಿಯೊಳಗ ಬಂದ ಕೂಡ್ಲೆ ಒಂದ ಕೈಲೆ ತಗೀಬಹುದು. ಖಣದ ಕುಂಚಿಗಿ ಹೆಸರಿಡೂ ದಿನಕ್ಕ ಚಂದ, ಆದ್ರ ಖಣ ಬಿರುಸು, ಜರಿ ಅಂಚು ಗಲ್ಲಕ್ಕ ಒರಸತೈತಿ. ದಿನಾ ಹಾಕೂದಕ್ಕ ಹಿಂಗ ಹೊಲೀರಿ.

ಎರಡು-ಮೂರು ತಿಂಗಳ ತನಕ ಆಗೂ ಅಳತಿ. ತಲಿಗೆ 16 ಇಂಚು ಉದ್ದ, ಆರೂವರಿ ಇಂಚು ಅಗಲದ ತುಂಡು. ಉದ್ದಕ್ಕ ನಡುವ ಮಡಚಿದ್ರ 8 ಇಂಚು ಆತು; ಹಿಂದಿನ ಅಂಚು ಹೊಲೀರಿ, ಮಡಚಿದ ಕಡೆ ನೆತ್ತಿ. ಬೆನ್ನಿಗೆ 22 ಇಂಚು ಅಗಲ, 24 ಇಂಚು ಉದ್ದ. ತಲಿ ತುಂಡಿನ ಕೆಳ ಅಂಚು 13 ಇಂಚು ಬರತೈತಿ, ಬೆನ್ನಿನ ತುಂಡಿನ ಮ್ಯಾಲಂಚು 22; ಎರಡನ್ನೂ ನಿರಿಗಿ ಹಿಡದು 10 ಇಂಚಿಗೆ ತಂದು ಕೂಡಸ್ರಿ. ಇದು ಹೊಲದ ಮ್ಯಾಲಿನ ಅಳತಿ, ಸುತ್ತ ಅರ್ಧ ಇಂಚು ಹೆಚ್ಚು ಕತ್ತರಸ್ರಿ. 36 ಇಂಚು ಪನ್ನಾದ ಅರಿವಿ ಮುಕ್ಕಾಲು ಮೀಟರ್ ತಗೊಂಡ್ರ ಎರಡೂ ತುಂಡು ಆರಾಮ ಬರತಾವು. ಹೊರಗ ಫ್ಲ್ಯಾನೆಲ್, ಒಳಗ ಹಳೇ ಹತ್ತಿ ಇಳಕಲ್ ಸೀರಿ ಒಡಲು. ಸೆರಗು, ದಡಿ ಬ್ಯಾಡ, ಅವು ಗಡಸು. ಅಸ್ತರನ್ನ ಮುಖದ ಅಂಚಿನ್ಯಾಗ ಅರ್ಧ ಇಂಚು ಹೊರಗ ಹೊರಳಿಸಿ ಹೊಲೀರಿ, ಗಲ್ಲಕ್ಕ ಮೆತ್ತಗಿರತೈತಿ.

ಗದ್ದದ ಕೆಳಗ ಕಟ್ಟೂ ಉದ್ದ ಲಾಡಿ ಬಿಡ್ರಿ. ಕೂಸು ಕೆಳಗ ಜಾರಿದ್ರ ಅದು ಕುತಗಿಗೆ ಬಿಗೀತೈತಿ. ಅದರ ಬದಲು ಎದಿ ಮಟ್ಟದಾಗ ಎರಡು ಸಣ್ಣ ಕಟ್ಟು, ಒಂದೊಂದು 5 ಇಂಚಿಗಿಂತ ಉದ್ದ ಬ್ಯಾಡ. ಗುಂಡಿ, ಮಣಿ, ಗೆಜ್ಜಿ ಹಚ್ಚಬ್ಯಾಡ್ರಿ. ಕಿತ್ತು ಬಂದ್ರ ಬಾಯಿಗೆ. ಜುಬಲಾ ಹೊಲಿಯೂವಾಗ ಹೊಲಿಗಿ ಅಂಚು ಹೊರಮೈಗೆ ಬರೂವಂಗ ಇಡ್ರಿ, ಒಳಗ ಒಂದು ದಾರಾನೂ ತಾಗಬಾರದು.

ಕೌದಿ ಬದಲು ಮಲಗೂ ಚೀಲ ಕೇಳೋರು ಇದ್ದಾರ. ತೋಳಿಲ್ಲದ ಅಂಗಿ ಹಂಗ, ಕೆಳಗ ಮುಚ್ಚಿದ ಚೀಲ. ಹೆಗಲಿಂದ ಹಿಮ್ಮಡಿ ತನಕ ಅಳದು 4 ಇಂಚು ಹೆಚ್ಚು ಇಡ್ರಿ, ಕಾಲು ಝಾಡಸಾಕ ಕೆಳಗ ಅಗಲ ಬೇಕು. ಕುತಗಿ ಸುತ್ತ ಒಂದು ಬೆರಳು ಆಡೂವಷ್ಟ ಸಡಿಲ, ತಲಿ ಒಳಗ ಜಾರೂವಂಗ ಇರಬಾರದು. ಇದು ಬಹಳ ಮುಖ್ಯ, ಬೆಳೀತಾನ ಅಂತ ದೊಡ್ಡ ಅಳತಿ ಹೊಲಿಸಬ್ಯಾಡ್ರಿ.

ಮನಿ_ಭೇಟಿ (ಆಶಾ ಕಾರ್ಯಕರ್ತೆ, ಬಾಗಲಕೋಟೆ ತಾಲೂಕು)

ಸಣ್ಣ ತೂಕದ ಕೂಸಿದ್ದವರೂ ಇದನ್ನ ಓದತಿರತೀರಿ, ಅವರಿಗೆ ಹೇಳತೀನಿ. 2.5 ಕೆಜಿಗಿಂತ ಕಡಿಮಿ ಇದ್ರ ಅರಿವಿ ಲೆಕ್ಕದಿಂದಷ್ಟ ಸಾಗೂದಿಲ್ಲ. ಎಷ್ಟು ಸುತ್ತಿದ್ರೂ ಅರಿವಿ ತಾನಾಗಿ ಶಾಖ ಹುಟ್ಟಸೂದಿಲ್ಲ, ಕೂಸಿನ ಮೈಯಾಗಿದ್ದದ್ದನ್ನ ಹಿಡಿದಿಡತೈತಿ ಅಷ್ಟ. ಸಣ್ಣ ಕೂಸಿಗೆ ಶಾಖ ಹೊರಗಿಂದ ಕೊಡಬೇಕು, ಅದಕ್ಕ ಕಾಂಗರೂ ಆರೈಕಿ. ಟೊಪಗಿ, ಕಾಲಚೀಲ, ಲಂಗೋಟಿ ಬಿಟ್ಟು ಉಳಿದದ್ದು ಬಿಚ್ಚಿ, ತಾಯಿ ಎದಿ ನಡುವ ನೆಟ್ಟಗ, ತಲಿ ಒಂದ ಕಡೆ ಹೊರಳಿಸಿ, ಕಪ್ಪಿ ಕಾಲಿನಂಗ ಕಾಲು ಮಡಚಿ ಇಟ್ಟು, ಮೆತ್ತನ ಸೀರಿ ತುಂಡಿನಿಂದ ಬಿಗದು, ಮ್ಯಾಲ ಜಂಪರು, ಶಾಲು. ಒಂದು ಸಲಕ್ಕ ಕಡಿಮಿ ಅಂದ್ರ ಒಂದು ತಾಸು. ದಿನಕ್ಕ 8 ತಾಸಿಗಿಂತ ಹೆಚ್ಚು ಎಷ್ಟು ಸಾಧ್ಯನೋ ಅಷ್ಟು. ತಾಯಿ ದಣದ್ರ ಅಪ್ಪ, ಅಜ್ಜಿ ಯಾರಾದ್ರೂ ಹಿಡೀಬಹುದು. 1978ರಾಗ ಕೊಲಂಬಿಯಾದ ಬೊಗೋಟಾ ಆಸ್ಪತ್ರ್ಯಾಗ ಇನ್‌ಕ್ಯುಬೇಟರ್ ಸಾಲದಾದಾಗ ಸುರು ಆದ ಪದ್ಧತಿ ಇದು. ಆಸ್ಪತ್ರ್ಯಾಗ ಹೆರಿಗಿ ಆದವರ ಮನಿಗೆ 3, 7, 14, 21, 28, 42ನೇ ದಿನಕ್ಕ ಆಶಾ ಬರತಾರ. ತೂಕ, ಮೈ ಶಾಖ ಅಳಸ್ಕೋರಿ, ಹೆಂಗ ಕಟ್ಟೂದು ಅಂತ ಕೈ ಹಿಡಿದು ತೋರಿಸಾಕ ಹೇಳ್ರಿ.

ಎರಿಯೂ ವಿಚಾರ. ಥಂಡಿ ಹತ್ತೂದು ಬಹಳ ಸಲ ಎರಿಯೂ ಹೊತ್ತಿನ್ಯಾಗ. ನಸುಕಿನ್ಯಾಗ ಬ್ಯಾಡ, ಹನ್ನೊಂದರಿಂದ ಒಂದರ ಒಳಗ. ಕೂಸಿನ ಅರಿವಿ ಬಿಚ್ಚೂ ಮೊದಲ ಹಾಕೂ ಅರಿವಿ ವರಸಿ ಪ್ರಕಾರ ಹಾಸಿ ಇಡ್ರಿ: ಕೆಳಗ ಅಂಗಿ ತೆರದು, ಅದರ ಮ್ಯಾಲ ಬನಿಯನ್, ಅದರ ಮ್ಯಾಲ ಲಂಗೋಟಿ, ಎಲ್ಲಾದಕ್ಕೂ ಮ್ಯಾಲ ಒರಸೂ ಅರಿವಿ. ಬಕೇಟಿಗೆ ಮೊದಲು ತಣ್ಣೀರು, ಆಮ್ಯಾಲ ಬಿಸಿನೀರು. ಹಂಡೆದ ಬಿಸಿನೀರು ಮೊದಲು ಹಾಕಿದ್ರ ಬೆರಸೂದು ಮರತಾಗ ಕೂಸು ಸುಡತೈತಿ. ಮೊಳಕೈ ಅದ್ದಿದ್ರ ಬಿಸಿನೂ ಅಲ್ಲ, ತಣ್ಣಗೂ ಅಲ್ಲ ಅನಸಬೇಕು, ಅದು 37-38 ಡಿಗ್ರಿ. ಐದು ನಿಮಿಷದಾಗ ಮುಗಸ್ರಿ. ಮೊದಲು ತಲಿ ಒರಸ್ರಿ, ಕಿವಿ ಹಿಂದ, ಕುತಗಿ ಸಂದಿ, ಕಂಕಳ, ತೊಡಿ ಸಂದಿ ಬಿಡಬ್ಯಾಡ್ರಿ. ಎಣ್ಣಿ ತಿಕ್ಕೂದು ಬಿಸಲು ಏರಿದ ಮ್ಯಾಲ, ಕೊಬ್ಬರಿ ಎಣ್ಣಿ ಇಲ್ಲಾ ಕುಸುಬಿ ಎಣ್ಣಿ, ತೆಳುವಾಗಿ. ತೊಟ್ಟಿಕ್ಕೂವಷ್ಟು ಹಚ್ಚಿದ್ರ ಅರಿವಿ ಎಣ್ಣಿ ಕುಡದು ಅಂಟಿಕೊಂಡು ಗಾಳಿ ಪದರೇ ಹೋಗತೈತಿ. ಕಿವ್ಯಾಗ ಎಣ್ಣಿ ಬ್ಯಾಡ, ಅರಳಿ ತುರಕೂದೂ ಬ್ಯಾಡ. ಸಣ್ಣ ಕೂಸಿಗೆ 2.5 ಕೆಜಿ ಆಗೂ ತನಕ ಎರೀಬ್ಯಾಡ್ರಿ, ಒದ್ದಿ ಅರಿವೀಲೆ ಒಂದೊಂದ ಭಾಗ ಒರಸಿ ಮುಚ್ಚಿಕೋತ ಹೋಗ್ರಿ.

ಡೋಣಿ_ಸಾಲು (ವಿಜಯಪುರ ಜಿಲ್ಲೆ)

ನಮ್ಮ ಮನ್ಯಾಗ ಬಾಣಂತಿ ಖೋಲಿಗೆ ಶೆಗಡಿ, ಲೋಬಾನದ ಹೊಗಿ ಇಲ್ಲದ ಆಗೂದೇ ಇಲ್ಲ ಅಂತಾರ. ತಲಿತಲಾಂತರದಿಂದ ನಡದದ್ದು, ಒಮ್ಮಿಗೆ ಬ್ಯಾಡ ಅಂದ್ರ ಹ್ಯಾಂಗ?

ವಾರ್ಡಿನ_ದೀಪ

ಹಿರಿಯರ ಉದ್ದೇಶ ಖೋಲಿ ಒಣಗಿ ಬೆಚ್ಚಗಿರಲಿ ಎಂಬುದು, ಅದು ಸರಿ. ಆದರೆ ಹಳೆ ಮಾಳಿಗೆ ಮನೆಗೆ ಗವಾಕ್ಷಿ ಇತ್ತು, ಬಾಗಿಲ ಸಂದಿ ಇತ್ತು. ಈಗಿನ ಖೋಲಿಗೆ ಸ್ಲ್ಯಾಬ್, ಗಾಜಿನ ಕಿಟಕಿ, ಸಂದಿಗೆ ಬಟ್ಟೆ. ಮುಚ್ಚಿದ ಖೋಲಿಯಲ್ಲಿ ಕೆಂಡ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಹೊಗೆ ಇಲ್ಲದ ನಿಗಿನಿಗಿ ಕೆಂಡವೂ ಅಷ್ಟೇ ಅಪಾಯ, "ಹೊಗೆ ಹೋದ ಮೇಲೆ ಒಳಗೆ ತಂದಿದ್ದೇವೆ" ಎಂಬ ಸಮಾಧಾನ ಬೇಡ. ಹೊಗೆಯಂತೂ ಕೂಸಿನ ಸಣ್ಣ ಶ್ವಾಸನಾಳಕ್ಕೆ ನೇರ ಪೆಟ್ಟು. ಥಂಡಿ ತಿಂಗಳಲ್ಲಿ ಉಬ್ಬಸ, ನ್ಯುಮೋನಿಯಾ ಎಂದು ಬರುವ ಕೂಸುಗಳ ಮನೆಯಲ್ಲಿ ಹೊಗೆ ಇದೆಯೇ ಎಂದು ನಾವು ಮೊದಲು ಕೇಳುತ್ತೇವೆ.

ಬದಲಿ ದಾರಿ: ಶೆಗಡಿ ಉರಿಸಲೇಬೇಕೆಂದರೆ ತಾಯಿ-ಕೂಸು ಬೇರೆ ಖೋಲಿಯಲ್ಲಿರುವಾಗ ಉರಿಸಿ, ಕೆಂಡ ಹೊರಗೆ ಹಾಕಿ, ಬಾಗಿಲು ತೆರೆದು ಗಾಳಿ ಆಡಿಸಿ, ಆಮೇಲೆ ಒಳಗೆ ಬನ್ನಿ. ಹಾಸಿಗೆಯನ್ನು ಹಗಲು ಬಿಸಿಲಿಗೆ ಹಾಕಿ ನಾಲ್ಕು ಗಂಟೆಗೆ ಒಳಗೆ ತನ್ನಿ. ಕರೆಂಟ್ ಹೀಟರ್ ಇದ್ದರೆ ಹಾಸಿಗೆಯಿಂದ ದೂರ, ಪರದೆಯಿಂದ ದೂರ, ಮಲಗುವ ಮುನ್ನ ಖೋಲಿ ಬೆಚ್ಚಗಾಗುವಷ್ಟು ಮಾತ್ರ. ಬಿಸಿನೀರಿನ ಚೀಲ, ಬಾಟಲಿ ಕೂಸಿನ ಪಕ್ಕ ಇಡಬೇಡಿ. ನಮ್ಮ ಕೈಗೆ ಹಿತ ಎನಿಸುವ ಬಿಸಿ ಎಳೆ ಚರ್ಮಕ್ಕೆ ತಾಗಿಕೊಂಡೇ ಇದ್ದರೆ ಸುಡುತ್ತದೆ.

ಮೂಗು ಕಟ್ಟಿದರೆ ಕರ್ಪೂರ ಕಲಸಿದ ಎಣ್ಣೆ ಎದೆಗೆ ತಿಕ್ಕುತ್ತಾರೆ. ಬೇಡ. ಕರ್ಪೂರ ಎಳೆಗೂಸಿಗೆ ವಿಷ, ಫಿಟ್ಸ್ ಬರಬಹುದು.

ಕುಂದಾನಗರಿ

ಅದಕ್ಕ ಸೇರಿಸಬೇಕಾದ್ದು ಡಾಂಬರ ಗುಳಿಗಿ. ದೊಡ್ಡ ಮಗುವಿನ ಹಳೇ ಸ್ವೆಟರ್, ಶಾಲು ಟ್ರಂಕಿನಿಂದ ತಗದು ಸೀದಾ ಕೂಸಿಗೆ ಹಾಕತಾರ. ಆ ಗುಳಿಗಿಯ ನ್ಯಾಫ್ತಲೀನ್ ಅರಿವ್ಯಾಗ ಉಳದು ಚರ್ಮ, ಉಸಿರಿನಿಂದ ಒಳಗ ಹೋಗತೈತಿ. ಜಿ6ಪಿಡಿ ಅನ್ನೂ ಕಿಣ್ವ ಕಡಿಮಿ ಇರೂ ಕೂಸಿಗೆ ಅದರಿಂದ ಕೆಂಪು ರಕ್ತಕಣ ಒಡದು ಕಾಮಣಿ ಏರತೈತಿ, ಮತ್ತ ಆ ಕೊರತಿ ಇದ್ದದ್ದು ಮೊದಲ ಯಾರಿಗೂ ಗೊತ್ತಿರೂದಿಲ್ಲ. ಕೂಸಿನ ಅರಿವಿ ಜೋಡಿ ಆ ಗುಳಿಗಿ ಇಡಲೇಬಾರದು, ಒಣಗಿದ ಬೇವಿನ ಎಲಿ ಸಾಕು. ಈಗಾಗಲೇ ಇಟ್ಟ ಅರಿವಿ ಕೂಸಿಗೆ ಬಳಸದಿರೂದ ಚಲೋ. ಬರೇ ಬಿಸಲಿಗೆ ಝಾಡಿಸಿ ಹಾಕೂದು ಸಾಲೂದಿಲ್ಲ.

ಜೋಳದ_ಹೊಲ

ಸುತ್ತೂ ವಿಚಾರನೂ ಬರಲಿ. ದುಪ್ಪಟಿಯೊಳಗ ಕೂಸನ್ನ ಕಟ್ಟಿಗಿ ಹಂಗ ಕಾಲು ನೆಟ್ಟಗ ಎಳದು ಸುತ್ತೂ ರೂಢಿ ಅದ, "ಕಾಲು ನೆಟ್ಟಗಾಗ್ತಾವು" ಅಂತಾರ. ಕಾಲು ತಾನೇ ನೆಟ್ಟಗಾಗ್ತಾವು. ಹಿಂಗ ಬಿಗದ್ರ ಸೊಂಟದ ಕೀಲು ಜಾರಬಹುದು. ಜಪಾನಿನ್ಯಾಗ 1975ರಿಂದ ಈ ರೂಢಿ ಬಿಡಸೂ ಪ್ರಚಾರ ನಡದ ಮ್ಯಾಲ ಸೊಂಟ ಜಾರೂ ಕೂಸುಗಳು ಬಹಳ ಕಡಿಮಿ ಆದವು. 36 ಇಂಚು ಚೌಕದ ಹಳೇ ಸೀರಿ ತುಂಡು ಸಾಕು: ಹೆಗಲು, ಎದಿ ಸುತ್ತ ಹಿತವಾಗಿ, ನಿಮ್ಮ ಎರಡು ಬೆರಳು ತೂರೂವಷ್ಟು ಸಡಿಲ, ಸೊಂಟದ ಕೆಳಗ ಮಂಡಿ ಮಡಚಿ ಅಗಲಿಸಾಕ ಬರಬೇಕು. ಸುತ್ತೂದು ಒಂದು ಪದರಿನ ಲೆಕ್ಕ, ಸುತ್ತಿದ್ರ ಸ್ವೆಟರ್ ಬ್ಯಾಡ. ಮಗ್ಗಲು ಹೊರಳೂ ಪ್ರಯತ್ನ ಸುರು ಆದ ದಿನ, ಅಂದಾಜು ಮೂರು-ನಾಕು ತಿಂಗಳಿಗೆ, ಸುತ್ತೂದು ಬಂದ್.

ಊರಾಡೂ ಹಂಗಾಮು ಮುಂದೈತಿ: ಎಳ್ಳ ಅಮಾಸಿಗೆ ಹೊಲಕ್ಕ ಚರಗ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿ, ಬನದ ಹುಣ್ಣಿಮಿಗೆ ಬನಶಂಕರಿ, ಎಲ್ಲಮ್ಮನ ಗುಡ್ಡ. ಎಲ್ಲಾನೂ ಥಂಡಿ ತಿಂಗಳದಾಗೇ. ಚರಗಕ್ಕ ಹೋಗೂದಾದ್ರ ಹೊತ್ತೇರಿ ಹೋಗಿ ನಾಕಕ್ಕ ತಿರುಗ್ರಿ. ಹೊಲದಾಗ ನೆರಳಿನ್ಯಾಗ ತೆಳ್ಳನ ಅಂಗಿ, ಹೊಲದ ಗಾಳಿಗೆ ಕುಂಚಿಗಿ. ನಸುಕಿನ್ಯಾಗ ಬೈಕ್ ಮ್ಯಾಲ ಎಳೆಗೂಸನ್ನ ಒಯ್ಯಬ್ಯಾಡ್ರಿ. 12 ಡಿಗ್ರಿ ಥಂಡ್ಯಾಗ ತಾಸಿಗೆ 40 ಕಿಮೀ ಓಡಿದ್ರ ತೆರದ ಚರ್ಮಕ್ಕ ಅದು 8-9 ಡಿಗ್ರಿ ಹಂಗ ಹತ್ತತದ, ಅದಕ್ಕಂಜಿ ಸೆರಗು ಮುಖದ ಮ್ಯಾಲ ಎಳದು ಬಿಡ್ತಾರ, ಒಳಗ ಕೂಸು ತಾನು ಬಿಟ್ಟ ಉಸಿರನ್ನೇ ಮತ್ತ ಎಳೀತದ. ಬಸ್ಸಿನ್ಯಾಗ ಕಿಡಕಿ ಸೀಟು ಬಿಟ್ಟು ನಡುವ ಕೂಡ್ರಿ, ಮೂಗು ಸದಾ ನಿಮ್ಮ ಕಣ್ಣಿಗೆ ಕಾಣಬೇಕು. ಕಾರಿನ್ಯಾಗ ಹೀಟರ್ ಹಾಕಿದ್ರ ಹೊರಗಿನ ಪದರು ಬಿಚ್ಚ್ರಿ. ಬ್ಯಾಬಿ ಸೀಟಿನ ಪಟ್ಟಿ ಕೆಳಗ ಉಬ್ಬಿದ ಜಾಕೀಟ್ ಇರಬಾರದು, ಒತ್ತು ಬಿದ್ದಾಗ ಅದು ಚಪ್ಪಟಿ ಆಗಿ ಪಟ್ಟಿ ಸಡಿಲ ಆಗ್ತದ.

ಮನಿ_ಭೇಟಿ

@ಕೃಷ್ಣಾದಂಡಿ, ಆರು ವಾರ ಅಂದ್ರ ಲಸಿಕಿ ಹೊತ್ತು. ಮುಂದ 10, 14 ವಾರಕ್ಕೂ ಬರತೈತಿ. ತೊಡಿಗೂ ಸೂಜಿ, ಬಲತೋಳಿಗೂ ಸೂಜಿ. ಮುಂದ ಬಿಚ್ಚೂ ಅಂಗಿ, ಸಡಿಲ ತೋಳು, ಕೆಳಗ ಬ್ಯಾರೆ ಪಾಯಿಜಾಮ ಹಾಕಿ ಕರ್ಕೊಂಡು ಬರ್ರಿ. ತಲಿಯಿಂದ ಕಾಲಿನ ತನಕ ಒಂದ ಚೈನಿನ ಅರಿವಿ ಹಾಕಿದ್ರ ಪೂರ್ತಿ ಬತ್ತಲೆ ಮಾಡಬೇಕಾಗತೈತಿ. ಆ ರಾತ್ರಿ ಮೈ ಬಿಸಿ ಆದ್ರ ಇನ್ನಷ್ಟು ಹೊದಿಸಿ "ಬೆವರು ಬರಸೂದು" ಬ್ಯಾಡ, ಒಂದು ಪದರು ಕಡಿಮಿ ಮಾಡಿ ಮತ್ತ ಮತ್ತ ಹಾಲು ಕೊಡ್ರಿ. ಔಷಧಿ ಎಷ್ಟು ಅನ್ನೂದನ್ನ ಲಸಿಕಿ ಹಾಕಿದವರ ಹಂತ್ಯಾಕ ಬರಸ್ಕೊಂಡು ಹೋಗ್ರಿ.

ಕೃಷ್ಣಾದಂಡಿ

ಕುತಗಿ, ಬೆನ್ನ ಮ್ಯಾಲ ಸಣ್ಣ ಕೆಂಪ ಗುಳ್ಳಿ ಎದ್ದಾವು. ಥಂಡಿಗೆ ಹಿಂಗಾಗತೈತೇನು?

ವಾರ್ಡಿನ_ದೀಪ

ಬಹುತೇಕ ಬೆವರುಸಾಲೆ. ಮಧ್ಯಾಹ್ನದ ಸ್ವೆಟರಿನ ಗುರುತು ಅದು. ಪದರ ಕಡಿಮೆ ಮಾಡಿ, ಸಂದಿ ಒಣಗಿಸಿ, ಪೌಡರ್, ಎಣ್ಣೆ ಹಚ್ಚದೆ ಬಿಡಿ, ಎರಡು-ಮೂರು ದಿನದಲ್ಲಿ ಇಳಿಯುತ್ತದೆ. ಗುಳ್ಳೆಯಲ್ಲಿ ಕೀವು ತುಂಬಿದರೆ, ಸುತ್ತ ಕೆಂಪಾಗಿ ಬಿಸಿಯಾದರೆ ತೋರಿಸಿ. ಗುಳ್ಳೆ ಇರಲಿ ಬಿಡಲಿ, ಕೂಸು ಹಾಲು ಎಳೆಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು ಎಳೆದರೆ, ಪಕ್ಕೆ ಒಳಗೆ ಸೆಳೆದರೆ 108ಕ್ಕೆ ಕರೆ ಮಾಡಿ. ಉಸಿರು ಎಣಿಸುವಾಗ ಕೂಸು ಶಾಂತವಾಗಿರಬೇಕು, ಪೂರ್ತಿ ಒಂದು ನಿಮಿಷ ಎಣಿಸಬೇಕು, ಸ್ವೆಟರ್ ಎತ್ತಿ ಹೊಟ್ಟೆ ನೋಡುತ್ತ ಎಣಿಸಬೇಕು.

ಖಣದ_ಅಂಚು

ಎಷ್ಟು ಜೋಡಿ ಇಟ್ಟುಕೋಬೇಕು ಅಂತ ಕೇಳತಾರ, ಅದನ್ನ ಹೇಳಿಬಿಡತೀನಿ. ಬನಿಯನ್, ಜುಬಲಾ ಎಂಟೆಂಟು, ಪಾಯಿಜಾಮ ಆರು, ಕಾಲಚೀಲ ಆರು ಜೋಡಿ, ಸ್ವೆಟರ್ ಮೂರ ಸಾಕು, ಕುಂಚಿಗಿ ಎರಡು. ಅರಿವಿ ಲಂಗೋಟಿ ಆದ್ರ 25-30 ಬೇಕು. ಒದ್ದಿ ಲಂಗೋಟಿ ಮ್ಯಾಲ ಎಷ್ಟು ಉಣ್ಣಿ ಹಾಕಿದ್ರೂ ವ್ಯರ್ಥ, ಎಚ್ಚರಿದ್ದಾಗ ತಾಸಿಗೊಮ್ಮೆ ನೋಡ್ರಿ. ಎಲ್ಲಾ ಒಂದ ಅಳತಿ ಹೊಲಿಸಬ್ಯಾಡ್ರಿ, ಹುಟ್ಟಿದಾಗ 50 ಸೆಂಮೀ ಇದ್ದ ಕೂಸು ಮೂರು ತಿಂಗಳಿಗೆ 60ರ ಹತ್ರ ಬರತೈತಿ.

ಸ್ವೆಟರ್ ಒಗಿಯೂವಾಗ ತಣ್ಣೀರು, ಮೆತ್ತನ ಸಾಬೂನು, ಹಿಂಡದ ಒತ್ತಿ ನೀರು ತಗೀರಿ, ನೆಳ್ಳಾಗ ಚಪ್ಪಟಿ ಹಾಸಿ ಒಣಗಿಸ್ರಿ. ಹತ್ತಿ ಅರಿವಿ ಸುಡು ಬಿಸಲಿಗೆ. ಐದು ಗಂಟೆ ಒಳಗ ಎಲ್ಲಾ ಒಳಗ ತಗೋರಿ. ಸಂಜಿ ಮಂಜು ಕುಡದ ಅರಿವಿ ಮುಟ್ಟಿದ್ರ ಒಣಗಿದಂಗ ಅನಸತೈತಿ, ಹೊಲಿಗಿ ಹತ್ರ, ಕಾಲಚೀಲದ ರಬ್ಬರಿನ ಹತ್ರ ಹಸಿ ಉಳದಿರತೈತಿ. ಅಲ್ಲೇ ಹಿಚುಕಿ ನೋಡಿ ಮಡಚ್ರಿ.